ಬೆರಳಿಗೆ ಸಿಗದ ಬಟನ್: ಎಲೆಕ್ಟ್ರಿಕ್ ಕಾರಿನಲ್ಲಿ ಚಾಲಕರು ಬಯಸುವುದೇನು?

ಕಳೆದ ಮಳೆಗಾಲದಲ್ಲಿ ಭಾವನವರ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು. ಸ್ಟಿಯರಿಂಗ್ ನನ್ನ ಕೈಯಲ್ಲಿತ್ತು. ನಾಲ್ಕೈದು ತಿರುವು ದಾಟುವಷ್ಟರಲ್ಲಿ ಮಳೆ ಜೋರಾಯಿತು, ಅದರ ಬೆನ್ನಿಗೇ ಮುಂದಿನ ಗಾಜು ಬೆಳ್ಳಗೆ ಮಸುಕಾಯಿತು. ವೈಪರಿನ ವೇಗ ಹೆಚ್ಚಿಸಿದೆ, ಮಸುಕು ಹೋಗಲಿಲ್ಲ. ಹಾಗಾದರೆ ಆವಿ ಕಟ್ಟಿದ್ದು ಗಾಜಿನ ಒಳಮೈಗೆ.

ಮಲೆನಾಡಿನಲ್ಲಿ ಕಾರು ಓಡಿಸುವವರಿಗೆ ಇದು ಗೊತ್ತಿರುವ ಪಾಠ. ವೈಪರ್ ಒರೆಸಿದಾಗ ಹೋದರೆ ಆವಿ ಹೊರಗಿನದು: ಎ.ಸಿ. ಗಾಜನ್ನು ತೀರ ತಣ್ಣಗೆ ಮಾಡಿದೆ, ಹೊರಗಿನ ತೇವ ಅದರ ಮೇಲೆ ಕೂತಿದೆ, ತಂಪು ಕಡಿಮೆ ಮಾಡಬೇಕು. ಹೋಗದಿದ್ದರೆ ಒಳಗಿನದು: ನಮ್ಮ ಉಸಿರಿನ, ಒದ್ದೆ ಬಟ್ಟೆಯ ತೇವ ಗಾಜಿಗೆ ಅಂಟಿದೆ, ಎ.ಸಿ. ಹಾಕಿ ಒಣ ಗಾಳಿಯನ್ನು ಗಾಜಿನ ಮೇಲೆ ಬಿಡಬೇಕು. ಯಾವುದು ಎಂದು ತಿಳಿಯಲು ಒಂದು ಕ್ಷಣ ಸಾಕು. ಸರಿಪಡಿಸಲೂ ಅಷ್ಟೇ ಸಾಕಾಗಬೇಕು.

ನನ್ನ ಹಳೆಯ ಕಾರಿನಲ್ಲಿ ಸಾಕಾಗುತ್ತಿತ್ತು. ಎಡಗೈ ತಾನಾಗಿ ಹೋಗಿ, ಒಂದು ತಿರುಗಣೆಯನ್ನು ಬಲಕ್ಕೆ ತಿರುಗಿಸಿ, ಪಕ್ಕದ ಬಟನ್ ಒತ್ತಿ, ಹಿಂತಿರುಗಿ ಬರುತ್ತಿತ್ತು. ಈ ಕಾರಿನಲ್ಲಿ ಕೈ ಹೋದ ಜಾಗದಲ್ಲಿ ನುಣ್ಣನೆಯ ಗಾಜು. ಪರದೆಯ ಮೇಲೆ ನಕ್ಷೆ ತೆರೆದಿತ್ತು. ಅದನ್ನು ಸರಿಸಿ ಎ.ಸಿ. ಪುಟಕ್ಕೆ ಹೋಗಬೇಕು, ಅಲ್ಲಿ ಗಾಜಿನ ಚಿತ್ರವನ್ನು ಹುಡುಕಬೇಕು, ಒತ್ತಬೇಕು. ಒತ್ತುವ ಹೊತ್ತಿಗೆ ಚಕ್ರ ಹಳ್ಳಕ್ಕಿಳಿದು ಬೆರಳು ಜಾರಿತು. ಬೇಡದ ಚಿತ್ರವೊಂದು ಒತ್ತಿಹೋಗಿ ಸೀಟಿನ ಫ್ಯಾನ್ ಶುರುವಾಯಿತು. ಎದುರಿನ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳುತ್ತಿತ್ತು. ಭಾವ ಪಕ್ಕದಿಂದ ಕೈಚಾಚಿ ಗಾಜಿನ ಆವಿ ತೆಗೆಯುವ ಡಿಫಾಗರ್ ಹಾಕಿದರು. ಗಾಜು ತಿಳಿಯಾಯಿತು, ಬಸ್ಸು ನಮ್ಮನ್ನು ದಾಟಿ ಹೋಯಿತು. ಪಕ್ಕದಲ್ಲಿ ಯಾರೂ ಇಲ್ಲದೆ ಒಬ್ಬನೇ ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆ ಮಾತ್ರ ಉಜಿರೆಯವರೆಗೂ ನನ್ನ ಜೊತೆಗೇ ಬಂತು.

ಕಾರು ಕೆಟ್ಟದ್ದೇನಲ್ಲ. ಸದ್ದಿಲ್ಲ, ಹೊಗೆಯಿಲ್ಲ, ಏರಿನಲ್ಲಿ ಅದರ ಎಳೆತಕ್ಕೆ ಸಾಟಿಯಿಲ್ಲ. ಇಷ್ಟು ಒಳ್ಳೆಯ ಯಂತ್ರವನ್ನು ಮಾಡಿದವರು ಗಾಜು ಒರೆಸುವ ಕೆಲಸವನ್ನು ಏಕೆ ಇಷ್ಟು ಕಷ್ಟ ಮಾಡಿದರು? ಇದು ನನ್ನೊಬ್ಬನ ಕಿರಿಕಿರಿಯಲ್ಲ. ಸುಮಾರು ಹತ್ತು ವರ್ಷಗಳಿಂದ ಜಗತ್ತಿನ ಕಾರು ತಯಾರಕರು, ಚಾಲಕರು, ಸುರಕ್ಷತಾ ಸಂಸ್ಥೆಗಳು ಇದೇ ವಿಷಯಕ್ಕೆ ಜಗ್ಗಾಡುತ್ತಿದ್ದಾರೆ.

ಬಟನ್‌ಗಳು ಎಲ್ಲಿಗೆ ಹೋದವು?

2012ರಲ್ಲಿ ಟೆಸ್ಲಾ ಕಂಪನಿಯ ಮಾಡೆಲ್ ಎಸ್ ಕಾರು ಬಂದಾಗ ಅದರ ನಡುವೆ 17 ಇಂಚಿನ ಟಚ್‌ಸ್ಕ್ರೀನ್ ಇತ್ತು. ಆಗಿನ ಕಾಲಕ್ಕೆ ಅದು ಬೆರಗು. 2017ರ ಮಾಡೆಲ್ 3ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸ್ಟಿಯರಿಂಗ್ ಹಿಂದಿನ ಸ್ಪೀಡೋಮೀಟರನ್ನೂ ತೆಗೆದು ನಡುವಿನ ಪರದೆಗೆ ಹಾಕಿದರು. ಡ್ಯಾಶ್‌ಬೋರ್ಡಿನ ಕೈಪೆಟ್ಟಿಗೆ (ಗ್ಲೋವ್ ಬಾಕ್ಸ್) ತೆರೆಯಲೂ ಪರದೆ, ಎ.ಸಿ. ಗಾಳಿಯ ದಿಕ್ಕು ಬದಲಿಸಲೂ ಪರದೆ. ಹೊಸ ಕಾರು ಎಂದರೆ ಹೀಗಿರಬೇಕು ಎಂಬ ನಂಬಿಕೆ ಬೇರೂರಿತು, ಉಳಿದವರು ಹಿಂಬಾಲಿಸಿದರು.

ಎಲೆಕ್ಟ್ರಿಕ್ ಕಾರಿಗೇ ಈ ಗೀಳು ಹೆಚ್ಚು ಅಂಟಿಕೊಳ್ಳಲು ಕಾರಣವಿದೆ. ಪೆಟ್ರೋಲ್ ಕಾರಿನ ಗೇರ್ ಲಿವರಿಗೆ ನಿಜವಾದ ಕೆಲಸವಿತ್ತು. ಅದರ ಬುಡದಲ್ಲಿ ಸರಳುಗಳೋ ಕೇಬಲ್‌ಗಳೋ ಇದ್ದು ಗೇರ್‌ಬಾಕ್ಸನ್ನು ಅಲುಗಿಸುತ್ತಿದ್ದವು. ಎಲೆಕ್ಟ್ರಿಕ್ ಮೋಟಾರಿಗೆ ಸಾಮಾನ್ಯವಾಗಿ ಒಂದೇ ಗೇರ್. ಹಿಂದಕ್ಕೆ ಹೋಗಬೇಕಾದರೆ ಬೇರೆ ಗೇರ್ ಬೇಕಿಲ್ಲ, ಮೋಟಾರನ್ನೇ ಉಲ್ಟಾ ತಿರುಗಿಸಿದರಾಯಿತು. ಹಾಗಾಗಿ ಮುಂದೆ, ಹಿಂದೆ, ಪಾರ್ಕ್ ಎಂಬುದೆಲ್ಲ ಕಂಪ್ಯೂಟರಿಗೆ ಕೊಡುವ ಸೂಚನೆ ಮಾತ್ರ. ಆ ಸೂಚನೆಯನ್ನು ಲಿವರಿನಿಂದ ಕೊಡಬಹುದು, ತಿರುಗಣೆಯಿಂದ ಕೊಡಬಹುದು, ಗಾಜಿನ ಮೇಲೆ ಬೆರಳು ಎಳೆದೂ ಕೊಡಬಹುದು. ವಿನ್ಯಾಸಕಾರನ ಕೈಕಟ್ಟಿ ಹಾಕಿದ್ದ ಹಗ್ಗ ಬಿಚ್ಚಿಹೋಯಿತು.

ಇನ್ನೊಂದು, ದುಡ್ಡು. ಒಂದು ಬಟನ್ ಎಂದರೆ ಒಂದು ಅಚ್ಚು, ಒಂದು ವೈರು, ಹಿಂದೊಂದು ಪುಟ್ಟ ದೀಪ, ಸಾವಿರಾರು ಸಲ ಒತ್ತಿ ನೋಡುವ ಪರೀಕ್ಷೆ. ಪರದೆಯ ಮೇಲೆ ಬರೆದ ಚಿತ್ರಕ್ಕೆ ಇದ್ಯಾವುದೂ ಬೇಡ. ಅಮೆರಿಕದಲ್ಲಿ 2018ರ ಮೇ ತಿಂಗಳಿನಿಂದ ಹೊಸ ಕಾರುಗಳಿಗೆಲ್ಲ ರಿವರ್ಸ್ ಕ್ಯಾಮೆರಾ ಕಡ್ಡಾಯವಾಯಿತು. ಕ್ಯಾಮೆರಾ ಇದ್ದ ಮೇಲೆ ಪರದೆ ಇರಲೇಬೇಕು. ಪರದೆ ಹೇಗೂ ಇದೆಯಲ್ಲ, ಉಳಿದದ್ದನ್ನೂ ಅಲ್ಲಿಗೇ ತುಂಬೋಣ ಎಂಬ ಲೆಕ್ಕ ಸಹಜವಾಗಿ ಬಂತು. ಕಾರು ಮಾರಿದ ಮೇಲೂ ಸಾಫ್ಟ್‌ವೇರ್ ಬದಲಿಸಿ ಹೊಸ ಸೌಲಭ್ಯ ಸೇರಿಸಬಹುದು ಎಂಬ ಲಾಭವೂ ನಿಜವಾದದ್ದೇ. ಇದರಲ್ಲಿ ಒಂದು ಅಪಾಯವೂ ಅಡಗಿದೆ: ನಿನ್ನೆ ಎಡ ಮೂಲೆಯಲ್ಲಿದ್ದ ಚಿತ್ರ ಇಂದು ಬೆಳಿಗ್ಗೆ ಬೇರೆಲ್ಲೋ ಇರಬಹುದು. ಪ್ಲಾಸ್ಟಿಕ್ ಬಟನ್ ರಾತ್ರೋರಾತ್ರಿ ಜಾಗ ಬದಲಿಸುವುದಿಲ್ಲ.

ಬೆರಳಿನ ನೆನಪು

ಹಾರ್ಮೋನಿಯಂ ನುಡಿಸುವವರನ್ನು ಗಮನಿಸಿ. ಅವರು ಮನೆಗಳನ್ನು, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಗಳನ್ನು, ನೋಡುವುದಿಲ್ಲ. ಹಾಡುವವರ ಮುಖ ನೋಡುತ್ತಾರೆ. ಕರಿಮನೆಗಳು ಎತ್ತರದಲ್ಲಿವೆ, ಎರಡು ಮತ್ತು ಮೂರರ ಗುಂಪಿನಲ್ಲಿವೆ. ಬೆರಳು ಅವುಗಳನ್ನು ಸವರಿಯೇ ತಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ. ಅದೇ ಮನೆಗಳ ಚಿತ್ರವನ್ನು ಒಂದು ಟ್ಯಾಬ್ಲೆಟ್ ಪರದೆಯ ಮೇಲೆ ಬಿಡಿಸಿ ಕೊಟ್ಟರೆ, ಎಂಥ ವಿದ್ವಾಂಸರೂ ತಲೆ ಬಗ್ಗಿಸಲೇಬೇಕು. ವಿದ್ಯೆ ಕಡಿಮೆಯಾದದ್ದಕ್ಕಲ್ಲ, ಬೆರಳಿಗೆ ಆಧಾರ ಇಲ್ಲದ್ದಕ್ಕೆ.

ಬಟನ್ ಒತ್ತುವಾಗ ಮೂರು ಸಂಗತಿಗಳು ಕಣ್ಣಿನ ನೆರವಿಲ್ಲದೆ ನಡೆಯುತ್ತವೆ. ಕೈ ಅಂದಾಜಿನ ಮೇಲೆ ಆ ಕಡೆ ಹೋಗುತ್ತದೆ. ಬೆರಳು ಅಂಚನ್ನು ಮುಟ್ಟಿ ಇದೇ ಅದು ಎಂದು ಖಚಿತಪಡಿಸಿಕೊಳ್ಳುತ್ತದೆ. ಒತ್ತಿದ ಮೇಲೆ ಟಕ್ ಎಂಬ ಸಣ್ಣ ಅದುರು ಕೆಲಸ ಆಯಿತು ಎಂದು ಹೇಳುತ್ತದೆ. ಟಚ್‌ಸ್ಕ್ರೀನ್‌ನಲ್ಲಿ ಮುಟ್ಟುವುದೂ ಒತ್ತುವುದೂ ಒಂದೇ. ಸವರಿ ಹುಡುಕುವ ಹಾಗಿಲ್ಲ, ಸವರಿದರೆ ಅದೇ ಆಜ್ಞೆಯಾಗುತ್ತದೆ. ಆದ್ದರಿಂದ ಹುಡುಕಲೂ ಕಣ್ಣು ಬೇಕು, ಗುರಿಯಿಡಲೂ ಕಣ್ಣು ಬೇಕು, ಆಯಿತೋ ಇಲ್ಲವೋ ನೋಡಲೂ ಕಣ್ಣು ಬೇಕು. ನಲವತ್ತು ದಾಟಿ ಚಾಳೀಸು ಬಂದವರಿಗೆ ಇನ್ನೂ ಕಷ್ಟ. ದೂರದ ರಸ್ತೆಯಿಂದ ಮೊಳದ ದೂರದ ಸಣ್ಣ ಅಕ್ಷರಕ್ಕೆ ನೋಟ ಹೊಂದಿಸಿಕೊಳ್ಳಲು ಕಣ್ಣಿಗೇ ಸಮಯ ಬೇಕು, ಮತ್ತೆ ರಸ್ತೆಗೆ ಮರಳಲೂ ಬೇಕು.

ಈ ಪಾಠವನ್ನು ಮನುಷ್ಯರು ಒಮ್ಮೆ ಬಹಳ ಬೆಲೆ ತೆತ್ತು ಕಲಿತಿದ್ದಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳಿಗೆ ಒಂದು ವಿಚಿತ್ರ ಅಪಘಾತ ಮರುಕಳಿಸುತ್ತಿತ್ತು. ವಿಮಾನ ಸುರಕ್ಷಿತವಾಗಿ ಇಳಿದ ಮೇಲೆ ಪೈಲಟ್ ರೆಕ್ಕೆಯ ಫ್ಲ್ಯಾಪ್ ಮಡಿಸಲು ಹೋಗಿ ಚಕ್ರಗಳನ್ನೇ ಮಡಿಸಿಬಿಡುತ್ತಿದ್ದ; ವಿಮಾನ ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ತಪ್ಪನ್ನು ಪೈಲಟ್‌ಗಳ ತಲೆಗೆ ಕಟ್ಟಲಾಗುತ್ತಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್ ಒಳಗೆ ಹೋಗಿ ನೋಡಿದರೆ, ಎರಡೂ ಕೆಲಸಕ್ಕೆ ಒಂದೇ ತೆರನಾದ ಸ್ವಿಚ್ಚುಗಳು ಅಕ್ಕಪಕ್ಕದಲ್ಲೇ ಇದ್ದವು. ದಣಿದ ಕೈಗೆ ಯಾವುದು ಯಾವುದೆಂದು ತಿಳಿಯುವ ದಾರಿಯೇ ಇರಲಿಲ್ಲ. ಅವರು ಮಾಡಿದ ಮದ್ದು ಮಕ್ಕಳಿಗೂ ಅರ್ಥವಾಗುವಂಥದ್ದು: ಚಕ್ರದ ಸ್ವಿಚ್ಚಿಗೆ ಪುಟ್ಟದೊಂದು ರಬ್ಬರ್ ಚಕ್ರ ಅಂಟಿಸಿದರು, ಫ್ಲ್ಯಾಪ್ ಸ್ವಿಚ್ಚಿಗೆ ಬೆಣೆಯಾಕಾರದ ತುಂಡು. ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುತ್ತದೆ. ಇಂದಿಗೂ ಪ್ರಯಾಣಿಕರ ಜೆಟ್ ವಿಮಾನಗಳಲ್ಲಿ ಚಕ್ರ ಇಳಿಸುವ ಹಿಡಿಗೆ ಚಕ್ರದ್ದೇ ಆಕಾರವಿದೆ, ನಿಯಮವೇ ಅದನ್ನು ಕೇಳುತ್ತದೆ. ಆ ತಪ್ಪು ಪೈಲಟ್‌ನದಲ್ಲ, ವಿನ್ಯಾಸದ್ದು ಎಂದು ಹೇಳಿದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವವಿದೆ. ಚಾರ್ಮಾಡಿಯಲ್ಲಿ ಬೆರಳು ಜಾರಿದಾಗ ನನ್ನನ್ನು ನಾನೇ ಬೈದುಕೊಂಡಿದ್ದೆ. ಬೈದುಕೊಳ್ಳಬೇಕಾಗಿರಲಿಲ್ಲ.

ಸಮುದ್ರದ ಮೇಲೂ ಇದೇ ನಡೆಯಿತು. 2017ರ ಆಗಸ್ಟ್‌ನಲ್ಲಿ ಸಿಂಗಾಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲ ಹಡಗಿಗೆ ಡಿಕ್ಕಿ ಹೊಡೆದು 10 ನಾವಿಕರು ತೀರಿಕೊಂಡರು. ಹಡಗಿನ ವೇಗ ಮತ್ತು ದಿಕ್ಕನ್ನು ಟಚ್‌ಸ್ಕ್ರೀನ್ ಮೂಲಕ ನಿಯಂತ್ರಿಸುವ ವ್ಯವಸ್ಥೆ ಸಿಬ್ಬಂದಿಯನ್ನು ಗೊಂದಲಕ್ಕೆ ನೂಕಿತ್ತು ಎಂಬುದು ತನಿಖೆಯಲ್ಲಿ ಬಂತು. ಆಮೇಲೆ ನೌಕಾಪಡೆ ಕೈಯಲ್ಲಿ ಹಿಡಿದು ತಳ್ಳುವ ಹಿಡಿಗಳಿಗೇ ಮರಳಲು ತೀರ್ಮಾನಿಸಿತು.

ಇನ್ನು ಕಾರಿನ ಲೆಕ್ಕ. 2022ರಲ್ಲಿ ಸ್ವೀಡನ್ನಿನ 'ವಿ ಬೀಲೆಗರೆ' ಎಂಬ ಕಾರು ಪತ್ರಿಕೆ ಸರಳವಾದೊಂದು ಪರೀಕ್ಷೆ ನಡೆಸಿತು. 11 ಹೊಸ ಕಾರುಗಳ ಜೊತೆಗೆ 2005ರ ಹಳೆಯ ವೋಲ್ವೋ ವಿ70 ಒಂದನ್ನು ವಿಮಾನನಿಲ್ದಾಣದ ಓಡುದಾರಿಗೆ ತಂದರು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ನಾಲ್ಕು ಕೆಲಸ ಮಾಡಬೇಕು: ಸೀಟಿನ ಬಿಸಿ, ಎ.ಸಿ. ಉಷ್ಣತೆ ಮತ್ತು ಡಿಫಾಗರ್ ಸರಿಪಡಿಸುವುದು, ರೇಡಿಯೊ ಹಾಕುವುದು, ಟ್ರಿಪ್ ಮೀಟರ್ ಸೊನ್ನೆಗೆ ತರುವುದು, ಡ್ಯಾಶ್‌ಬೋರ್ಡ್ ಬೆಳಕು ತಗ್ಗಿಸುವುದು. ಓಡಿಸುವವರಿಗೆ ಮೊದಲೇ ಕಾರನ್ನು ಪರಿಚಯ ಮಾಡಿಕೊಳ್ಳಲು ಸಮಯ ಕೊಟ್ಟಿದ್ದರು. ಬಟನ್‌ಗಳ ಹಳೆಯ ವೋಲ್ವೋದಲ್ಲಿ ಎಲ್ಲವೂ 10 ಸೆಕೆಂಡಿನಲ್ಲಿ ಮುಗಿಯಿತು. ಅಷ್ಟರಲ್ಲಿ ಕಾರು ಓಡಿದ್ದು 306 ಮೀಟರ್. ಟೆಸ್ಲಾ ಮಾಡೆಲ್ 3ರಲ್ಲಿ 23.5 ಸೆಕೆಂಡು, 717 ಮೀಟರ್. ಕೊನೆಯ ಸ್ಥಾನದಲ್ಲಿದ್ದ ಎಂಜಿ ಮಾರ್ವೆಲ್ ಆರ್ ಎಲೆಕ್ಟ್ರಿಕ್ ಕಾರಿನಲ್ಲಿ 44.9 ಸೆಕೆಂಡು, ಆ ಹೊತ್ತಿಗೆ ಕಾರು 1,372 ಮೀಟರ್ ದಾಟಿತ್ತು. ಅಂದರೆ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರದವರೆಗೆ ಚಾಲಕನ ಗಮನ ಪರದೆಗೂ ರಸ್ತೆಗೂ ಹಂಚಿಹೋಗಿತ್ತು.

ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಎಲೆಕ್ಟ್ರಿಕ್ ಕಾರು, ವೋಲ್ವೋ ಸಿ40, ಟಚ್‌ಸ್ಕ್ರೀನ್ ಇದ್ದರೂ 14 ಸೆಕೆಂಡಿನೊಳಗೆ ಕೆಲಸ ಮುಗಿಸಿತು. ಅದರ ಪರದೆಯಲ್ಲಿ ಪುಟದೊಳಗೆ ಪುಟ ತುರುಕಿರಲಿಲ್ಲ. ಹಾಗಾಗಿ ಪರದೆ ಎಂದಾಕ್ಷಣ ಕೆಟ್ಟದ್ದು ಎಂದು ಹೇಳುವುದು ನ್ಯಾಯವಲ್ಲ. ಬೇಕಾದದ್ದು ಎಷ್ಟು ಮೆಟ್ಟಿಲು ಕೆಳಗಿದೆ ಎಂಬುದೂ ಅಷ್ಟೇ ಮುಖ್ಯ.

ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರಲ್ಲಿ ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಒಂದು ಸಲಕ್ಕೆ ಕಣ್ಣು ರಸ್ತೆಯಿಂದ ಆಚೆ ಹೋಗುವುದು ಸರಾಸರಿ 2 ಸೆಕೆಂಡಿಗಿಂತ ಹೆಚ್ಚಿರಬಾರದು ಎಂದಿದೆ. ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಇರುವ ಮಿತಿ ಗಂಟೆಗೆ 100 ಕಿ.ಮೀ. ಆ ವೇಗದಲ್ಲಿ 2 ಸೆಕೆಂಡು ಎಂದರೆ ಸುಮಾರು 56 ಮೀಟರ್. ಅಷ್ಟರೊಳಗೆ ಮುಂದಿನ ಲಾರಿ ಬ್ರೇಕ್ ಹಾಕಿರಬಹುದು, ಬೇಲಿಯ ಸಂದಿಯಿಂದ ನಾಯಿ ನುಗ್ಗಿರಬಹುದು. ಜರ್ಮನಿಯಲ್ಲಿ ಒಬ್ಬ ಟೆಸ್ಲಾ ಚಾಲಕ ಮಳೆಯಲ್ಲಿ ವೈಪರ್ ವೇಗ ಬದಲಿಸಲು ಪರದೆ ನೋಡುತ್ತಿದ್ದಾಗ ಕಾರು ರಸ್ತೆ ಬಿಟ್ಟು ಹೋಯಿತು. ಕಾರ್ಲ್ಸ್‌ರೂಹೆಯ ಉಚ್ಚ ನ್ಯಾಯಾಲಯ 2020ರಲ್ಲಿ ಆತನಿಗೆ 200 ಯೂರೋ ದಂಡ, ಒಂದು ತಿಂಗಳ ಚಾಲನಾ ನಿಷೇಧವನ್ನು ಎತ್ತಿಹಿಡಿಯಿತು. ಕಾರಿನಲ್ಲಿ ಕೂರಿಸಿದ ಪರದೆಯಾದರೂ, ಬಳಸುವಾಗ ಕಣ್ಣು ಕದಲಿದರೆ ಮೊಬೈಲ್ ನೋಡಿದಂತೆಯೇ ಎಂಬುದು ತೀರ್ಪಿನ ಸಾರ. ವೈಪರ್ ಹಾಕುವುದು ಚಾಲನೆಯದ್ದೇ ಭಾಗ, ಆದರೂ ಶಿಕ್ಷೆ ಚಾಲಕನಿಗೇ. ಇದನ್ನು ಓದಿದಾಗ ನನಗೆ ಬಿ-17ರ ಪೈಲಟ್‌ಗಳು ನೆನಪಾದರು.

"ನೀವು ಒತ್ತಬೇಕಾಗಿಲ್ಲ, ಕಾರೇ ಮಾಡುತ್ತದೆ"

ಪರದೆಯ ಪರ ಇರುವವರ ಉತ್ತರ ಇದು. ವೈಪರ್ ತಾನಾಗಿ ಓಡುತ್ತದೆ, ದೀಪ ತಾನಾಗಿ ಹತ್ತುತ್ತದೆ, ಎ.ಸಿ. ತಾನಾಗಿ ಹೊಂದಿಕೊಳ್ಳುತ್ತದೆ, ಬಟನ್ ಇಟ್ಟು ಏನು ಮಾಡುತ್ತೀರಿ? ಮಾತಿನಲ್ಲಿ ಹುರುಳಿದೆ, ಅದಕ್ಕೇ ವೈಪರನ್ನೇ ಹಿಡಿದು ಸ್ವಲ್ಪ ಒಳಗೆ ಇಳಿದು ನೋಡೋಣ.

ಸಾಮಾನ್ಯ ಮಳೆ ಸೆನ್ಸರ್ ಇರುವುದು ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡು. ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನು ಓರೆಯಾಗಿ ಗಾಜಿನೊಳಕ್ಕೆ ಬಿಡುತ್ತದೆ. ಹೊರಮೈ ಒಣಗಿದ್ದರೆ ಬೆಳಕು ಪೂರ್ತಿ ಪ್ರತಿಫಲಿಸಿ ವಾಪಸು ಬರುತ್ತದೆ. ಹನಿ ಕೂತಿದ್ದರೆ ಅಲ್ಲಿಂದ ಒಂದಿಷ್ಟು ಬೆಳಕು ಹೊರಗೆ ಸೋರಿಹೋಗುತ್ತದೆ. ಎಷ್ಟು ಸೋರಿತು ಎಂಬುದರ ಮೇಲೆ ವೈಪರಿನ ವೇಗ. ಬಹಳ ಜಾಣ ಉಪಾಯ, ಬಹುಪಾಲು ಮಳೆಗೆ ಸಾಕು. ಆದರೆ ಸೆನ್ಸರ್ ನೋಡುವುದು ಅಂಗೈಗಿಂತ ಚಿಕ್ಕ ಜಾಗವನ್ನು. ಪಕ್ಕದ ಲಾರಿಯ ಚಕ್ರ ಎರಚಿದ ಕೆಸರು ನನ್ನ ಕಣ್ಣೆದುರಿನ ಗಾಜನ್ನು ಮುಚ್ಚಿದಾಗ, ಕನ್ನಡಿಯ ಹಿಂದಿನ ಆ ಜಾಗ ಚೊಕ್ಕಟವಾಗಿಯೇ ಇರಬಹುದು. ಟೆಸ್ಲಾ ಈ ಸೆನ್ಸರ್ ಬಿಟ್ಟು ಕ್ಯಾಮೆರಾದ ಚಿತ್ರ ನೋಡಿಯೇ ಮಳೆಯನ್ನು ಅಂದಾಜಿಸುವ ದಾರಿ ಹಿಡಿಯಿತು. ಒಣ ಗಾಜಿನ ಮೇಲೆ ವೈಪರ್ ಓಡುತ್ತದೆ, ಹನಿ ಬಿದ್ದಾಗ ಸುಮ್ಮನಿರುತ್ತದೆ ಎಂಬ ದೂರು ಅದರ ಮಾಲೀಕರಿಂದ ವರ್ಷಗಟ್ಟಲೆ ಕೇಳಿಬಂದಿದೆ.

ಹಾಗೆಂದು ಮಳೆ ಸೆನ್ಸರ್ ಬೇಡ ಎನ್ನುವ ಚಾಲಕರನ್ನು ನಾನು ಕಂಡಿಲ್ಲ. ಅವರು ಕೇಳುವುದು ಇಷ್ಟು: ಅದು ತಪ್ಪಿದ ಗಳಿಗೆಯಲ್ಲಿ ನನ್ನ ಬೆರಳಿಗೆ ಲಿವರ್ ಸಿಗಲಿ. ಸ್ವಯಂಚಾಲನೆ ಇದ್ದರೆ ಬಟನ್ ಬೇಡ ಎಂಬ ವಾದ ಇಲ್ಲಿಯೇ ಮುಗ್ಗರಿಸುತ್ತದೆ. ಯಂತ್ರ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಮಾಡಿತು ಎಂದುಕೊಳ್ಳಿ. ಉಳಿದ ಒಂದು ಸಲ ಬರುವುದು ಸುಗಮವಾದ ಹೊತ್ತಿನಲ್ಲಲ್ಲ. ಯಂತ್ರಕ್ಕೆ ಕಷ್ಟವಾದದ್ದು ಮನುಷ್ಯನಿಗೂ ಕಷ್ಟವೇ. ಆಗ ಅಭ್ಯಾಸವಿಲ್ಲದ ಕೈ, ನೆನಪಿಲ್ಲದ ಪುಟ. ಲಿಸಾನ್ ಬೈನ್‌ಬ್ರಿಜ್ ಎಂಬ ಮನಶ್ಶಾಸ್ತ್ರಜ್ಞೆ ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು 1983ರಲ್ಲೇ ಇದನ್ನು ಬರೆದಿದ್ದರು. ಸುಲಭದ ಕೆಲಸಗಳನ್ನೆಲ್ಲ ಯಂತ್ರಕ್ಕೆ ಕೊಟ್ಟ ಮೇಲೆ ಮನುಷ್ಯನಿಗೆ ಉಳಿಯುವುದು ಅತ್ಯಂತ ಕಷ್ಟದ ಕೆಲಸ, ಅದನ್ನು ಮಾಡಬೇಕಾದ ಕೌಶಲ ಅಷ್ಟರಲ್ಲಿ ತುಕ್ಕು ಹಿಡಿದಿರುತ್ತದೆ.

ಚಾಲಕರ ಮಾತನ್ನು ಕಿವಿಗೊಟ್ಟು ಕೇಳಿದರೆ ಅವರ ಬಯಕೆಯಲ್ಲಿ ಒಂದು ಕ್ರಮ ಕಾಣುತ್ತದೆ. ನಿಧಾನವಾಗಿ, ಒಂದೇ ಸಮನೆ ನಡೆಯುವ ಕೆಲಸಗಳನ್ನು ಅವರು ಸಂತೋಷದಿಂದ ಯಂತ್ರಕ್ಕೆ ಬಿಟ್ಟುಕೊಡುತ್ತಾರೆ. ಕಾರಿನೊಳಗೆ 24 ಡಿಗ್ರಿ ಇರಲಿ ಎಂದರೆ ಇರಬೇಕು, ಹೇಗೆ ಎಂದು ಯಾರೂ ಕೇಳುವುದಿಲ್ಲ. ಬ್ಯಾಟರಿಯ ಉಷ್ಣತೆ, ಚಾರ್ಜಿಂಗ್ ವೇಗ, ಸಂಜೆಯಾದಾಗ ಹೆಡ್‌ಲೈಟ್ ಹತ್ತುವುದು ಇವೆಲ್ಲ ಹಾಗೆಯೇ. ನಕ್ಷೆ, ರಿವರ್ಸ್ ಕ್ಯಾಮೆರಾ, ಚಾರ್ಜಿಂಗ್ ಕೇಂದ್ರಗಳ ಪಟ್ಟಿಗೆ ದೊಡ್ಡ ಪರದೆಯೇ ಬೇಕು. ಆದರೆ ಥಟ್ಟನೆ ಎದುರಾಗುವುದು, ಆಗಿಂದಾಗಲೇ ಮಾಡಬೇಕಾದದ್ದು, ರಸ್ತೆಯಿಂದ ಕಣ್ಣು ತೆಗೆಯಲಾಗದ ಹೊತ್ತಿನಲ್ಲೇ ಬೇಕಾಗುವುದು ಇವಕ್ಕೆ ಬೆರಳಿಗೆ ಸಿಗುವ ವಸ್ತು ಬೇಕು ಎನ್ನುತ್ತಾರೆ. ಇಂಡಿಕೇಟರ್, ಹಾರ್ನ್, ವೈಪರ್, ಡಿಫಾಗರ್, ಹಜಾರ್ಡ್ ದೀಪ, ಧ್ವನಿ ತಗ್ಗಿಸುವ ತಿರುಗಣೆ. ಇವುಗಳ ಜೊತೆಗೆ ಇನ್ನೊಂದು: ಯಂತ್ರದ ಕೈಹಿಡಿದು ನಿಲ್ಲಿಸುವ ಬಟನ್.

ಆ ಕೊನೆಯದಕ್ಕೆ ಯುರೋಪಿನಲ್ಲಿ ಒಳ್ಳೆಯ ಉದಾಹರಣೆ ಇದೆ. ಅಲ್ಲಿ 2024ರ ಜುಲೈನಿಂದ ಹೊಸದಾಗಿ ಮಾರಾಟವಾಗುವ ಕಾರುಗಳಲ್ಲೆಲ್ಲ ವೇಗಮಿತಿ ಮೀರಿದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ. ಕ್ಯಾಮೆರಾ ಪಕ್ಕದ ರಸ್ತೆಯ ಫಲಕವನ್ನು ಓದಿ ತಪ್ಪು ಮಿತಿ ಹಿಡಿದರೂ ಕಾರು ಕೀಂಗುಡುತ್ತದೆ. ಆರಿಸಬಹುದು, ಆದರೆ ಮುಂದಿನ ಸಲ ಕಾರು ಚಾಲೂ ಮಾಡಿದಾಗ ಮತ್ತೆ ಹತ್ತಿಕೊಂಡಿರುತ್ತದೆ. ಪ್ರತಿದಿನ ಬೆಳಿಗ್ಗೆ ಪರದೆಯೊಳಗೆ ಹೊಕ್ಕು ಆರಿಸುವ ಗೋಳು ಹೆಚ್ಚಾದಾಗ, ರೆನೋ ಮತ್ತು ಡಾಷಿಯಾ ಕಂಪನಿಗಳು ಅದಕ್ಕೊಂದು ನಿಜವಾದ ಬಟನ್ ಇಟ್ಟವು. ಎರಡು ಸಲ ಒತ್ತಿದರೆ ಚಾಲಕ ತನಗೆ ಬೇಕಾದಂತೆ ಹೊಂದಿಸಿಟ್ಟ ಸ್ಥಿತಿಗೆ ಎಲ್ಲವೂ ಬರುತ್ತದೆ. ಹೊಸ ಸ್ವಯಂಚಾಲನೆಯೇ ಹೊಸ ಬಟನ್ ಒಂದನ್ನು ಹುಟ್ಟುಹಾಕಿತು.

ನಮ್ಮಲ್ಲಿ ಇದು ಕಾರನ್ನು ರಸ್ತೆಯ ಗೆರೆಗಳ ನಡುವೆ ಹಿಡಿದಿಡುವ ಲೇನ್ ಅಸಿಸ್ಟ್ ವಿಷಯದಲ್ಲಿ ಎದುರಾಗುತ್ತದೆ. ಗೆರೆ ಸ್ಪಷ್ಟವಾಗಿರುವ ಹೆದ್ದಾರಿಯಲ್ಲಿ ಅದು ಉಪಕಾರಿ. ಗೆರೆ ಅಳಿಸಿಹೋದ, ಹಳೆಯ ಗೆರೆಯ ಮೇಲೆ ಹೊಸ ಗೆರೆ ಬಳಿದ ರಸ್ತೆಯಲ್ಲಿ ಅದು ಸ್ಟಿಯರಿಂಗನ್ನು ಜಗ್ಗುತ್ತದೆ. ಹಳ್ಳ ತಪ್ಪಿಸಲು ನಾನು ಬಲಕ್ಕೆ ಹೊರಳಿಸಿದರೆ ಅದು ಎಡಕ್ಕೆ ಎಳೆಯುತ್ತದೆ. ಊರೊಳಗೆ ಬಂದ ತಕ್ಷಣ ಆರಿಸಿ, ಹೆದ್ದಾರಿ ಸೇರಿದ ಮೇಲೆ ಹಾಕಿಕೊಳ್ಳುವ ಅನುಕೂಲ ಸ್ಟಿಯರಿಂಗ್ ಮೇಲೇ ಇದ್ದರೆ ಜನ ಅದನ್ನು ಬಳಸುತ್ತಾರೆ. ಪರದೆಯ ಮೂರನೆಯ ಪುಟದಲ್ಲಿದ್ದರೆ ಮೊದಲ ವಾರವೇ ಆರಿಸಿ ಮತ್ತೆ ಮುಟ್ಟುವುದಿಲ್ಲ. ಜೀವ ಉಳಿಸಬಹುದಾಗಿದ್ದ ಸೌಲಭ್ಯ ಒಂದು ಬಟನ್ ಇಲ್ಲದ್ದಕ್ಕೆ ಮೂಲೆ ಸೇರುವುದು ನನಗೆ ನಿಜಕ್ಕೂ ಸಂಕಟ ಕೊಡುತ್ತದೆ.

ಧ್ವನಿಯ ಆಜ್ಞೆ ಇದೆಯಲ್ಲ ಎನ್ನುವವರಿದ್ದಾರೆ. ಹಾಡು ಬದಲಿಸಲು, ಮನೆಗೆ ದಾರಿ ಹಾಕಲು ಚೆನ್ನ. ಸೂರಿನ ಮೇಲೆ ಮಳೆ ಬಡಿಯುತ್ತಿರುವಾಗ, ಹಿಂದಿನ ಸೀಟಿನಲ್ಲಿ ಮಗು ಅಳುತ್ತಿರುವಾಗ ಡಿಫಾಗರ್ ಹಾಕು ಎಂದು ಹೇಳಿ ಉತ್ತರಕ್ಕೆ ಕಾಯುವುದು ಬೇರೆ ಮಾತು.

ಇಳಿಜಾರಿನಲ್ಲಿ ಪ್ಯಾಡಲ್

ಎಲೆಕ್ಟ್ರಿಕ್ ಕಾರಿನಲ್ಲಿ ಮುಖ್ಯವಾಗಿ ಎದುರಾಗುವ ಪ್ರಶ್ನೆಯೊಂದಿದೆ, ರೀಜೆನ್ ಬ್ರೇಕಿನದು. ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳು ಮೋಟಾರನ್ನು ತಿರುಗಿಸುತ್ತವೆ, ಮೋಟಾರ್ ಜನರೇಟರ್ ಆಗಿ ಬ್ಯಾಟರಿಗೆ ವಿದ್ಯುತ್ ತುಂಬುತ್ತದೆ, ಆ ತಡೆಯಿಂದ ಕಾರು ನಿಧಾನವಾಗುತ್ತದೆ. ಎಷ್ಟು ಬಲವಾಗಿ ತಡೆಯಬೇಕು ಎಂಬುದನ್ನು ಯಾರು ನಿರ್ಧರಿಸಬೇಕು?

ಕೆಲವು ಕಾರುಗಳಲ್ಲಿ ಒಂದೇ ಪೆಡಲ್ ಸಾಕು. ಕಾಲು ಎತ್ತಿದರೆ ಕಾರು ಪೂರ್ತಿ ನಿಲ್ಲುತ್ತದೆ. ನಿಸ್ಸಾನ್ 2017ರಲ್ಲಿ ಲೀಫ್ ಕಾರಿನಲ್ಲಿ ಇದನ್ನು ಇ-ಪೆಡಲ್ ಎಂದು ಕರೆಯಿತು. ಸಿಲ್ಕ್ ಬೋರ್ಡ್‌ನಂಥ ದಟ್ಟಣೆಯಲ್ಲಿ ತೆವಳುವವರಿಗೆ ಇದು ವರ. ಕಾಲು ಅತ್ತಿತ್ತ ಓಡಾಡುವುದು ತಪ್ಪುತ್ತದೆ. ಇನ್ನು ಕೆಲವು ಕಾರುಗಳು ಮುಂದಿನ ವಾಹನದ ದೂರ ನೋಡಿಕೊಂಡು ತಾವೇ ತಡೆಯನ್ನು ಹೆಚ್ಚು ಕಡಿಮೆ ಮಾಡುತ್ತವೆ. ಮೂರನೆಯ ದಾರಿ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ಗಳು, ಅಂದರೆ ಬೆರಳಿನಿಂದ ಎಳೆಯುವ ಪುಟ್ಟ ಹಿಡಿಗಳು. ಹ್ಯುಂಡೈ 2019ರಲ್ಲಿ ಇಲ್ಲಿಗೆ ತಂದ ಕೋನಾದಲ್ಲಿ ಅವು ಇದ್ದವು, ಟಾಟಾ 2023ರಲ್ಲಿ ಹೊಸದಾಗಿ ತಂದ ನೆಕ್ಸಾನ್ ಇವಿಯಲ್ಲೂ ಬಂದವು. ಎಡ ಪ್ಯಾಡಲ್ ಎಳೆದರೆ ತಡೆ ಒಂದು ಹಂತ ಹೆಚ್ಚು, ಬಲದ್ದು ಎಳೆದರೆ ಕಡಿಮೆ.

ಘಾಟಿಯಲ್ಲಿ ನಾನು ಪ್ಯಾಡಲ್ ಪಕ್ಷ. ನಮ್ಮ ಹಳೆಯ ಚಾಲಕರು ಇಳಿಜಾರಿನಲ್ಲಿ ಬ್ರೇಕ್ ತುಳಿದುಕೊಂಡೇ ಬರಬೇಡ, ಸೆಕೆಂಡ್ ಗೇರಿನಲ್ಲಿ ಇಳಿಸು ಎಂದು ಕಲಿಸಿದ್ದರು. ಬ್ರೇಕ್ ಕಾದು ಹಿಡಿತ ಬಿಟ್ಟುಬಿಡುತ್ತದೆ ಎಂಬ ಭಯ. ಪ್ಯಾಡಲ್ ಆ ಗೇರಿನ ಜಾಗವನ್ನು ತುಂಬುತ್ತದೆ. ತಿರುವಿಗೆ ಮುಂಚೆ ಎರಡು ಸಲ ಎಳೆ, ತಿರುವು ಮುಗಿದ ಮೇಲೆ ಒಂದು ಬಿಡು. ಮುಂದಿನ ತಿರುವು ಎಷ್ಟು ಕಡಿದು ಎಂದು ನನಗೆ ಗೊತ್ತು, ಕಾರಿನ ರಾಡಾರಿಗೆ ಗೊತ್ತಿಲ್ಲ. ಅದಕ್ಕೆ ಕಾಣುವುದು ಮುಂದಿನ ವಾಹನ ಮಾತ್ರ. ಒಂದು ಎಚ್ಚರಿಕೆ ಇದೆ. ಬೆಟ್ಟದ ಮೇಲೆ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿ ಇಳಿಯಲು ಹೊರಟರೆ ವಿದ್ಯುತ್ ತುಂಬಲು ಜಾಗವೇ ಇರುವುದಿಲ್ಲ. ರೀಜೆನ್ ಸೋತುಹೋಗುತ್ತದೆ, ಆಗ ಸಾಮಾನ್ಯ ಬ್ರೇಕೇ ಗತಿ. ಮೂಡಿಗೆರೆಯಲ್ಲೋ ಮಡಿಕೇರಿಯಲ್ಲೋ ರಾತ್ರಿ ಚಾರ್ಜ್ ಮಾಡುವವರು ಎಂಬತ್ತು ತೊಂಬತ್ತಕ್ಕೆ ನಿಲ್ಲಿಸಿದರೆ ಒಳ್ಳೆಯದು.

ಬಟನ್‌ಗಳ ಮರಳುವಿಕೆ

ಗಾಳಿ ಈಗ ತಿರುಗಿದೆ. ಫೋಕ್ಸ್‌ವ್ಯಾಗನ್ ತನ್ನ ಐಡಿ.3 ಕಾರಿನಲ್ಲಿ ಧ್ವನಿ ಮತ್ತು ಉಷ್ಣತೆಗೆ ಸವರುವ ಪಟ್ಟಿ ಇಟ್ಟಿತ್ತು. ರಾತ್ರಿ ಅದಕ್ಕೆ ಬೆಳಕೂ ಇರಲಿಲ್ಲ. ಗ್ರಾಹಕರ ಸಿಟ್ಟು ಎಷ್ಟಿತ್ತೆಂದರೆ, ಕಂಪನಿಯ ವಿನ್ಯಾಸ ಮುಖ್ಯಸ್ಥ ಆಂಡ್ರಿಯಾಸ್ ಮಿಂಟ್ 2025ರಲ್ಲಿ ಇಂಥ ತಪ್ಪನ್ನು ಇನ್ನೆಂದೂ ಮಾಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿದರು. ಧ್ವನಿ, ಎರಡೂ ಬದಿಯ ಉಷ್ಣತೆ, ಫ್ಯಾನ್, ಹಜಾರ್ಡ್ ದೀಪಕ್ಕೆ ಮುಂದೆ ಎಲ್ಲ ಕಾರುಗಳಲ್ಲೂ ನಿಜವಾದ ಬಟನ್ ಇರುತ್ತದೆ ಎಂದರು. ಹ್ಯುಂಡೈ ಅಮೆರಿಕದಲ್ಲಿ ಗ್ರಾಹಕರನ್ನು ಕೂರಿಸಿ ವಿಚಾರಿಸಿದಾಗ, ತುರ್ತಿಗೆ ಬೇಕಾದದ್ದು ಕೈಗೆ ಸಿಗದೆ ಅವರು ಒತ್ತಡಕ್ಕೆ ಬೀಳುತ್ತಿದ್ದರು ಎಂದು ಅದರ ವಿನ್ಯಾಸಕಾರರೇ 2024ರಲ್ಲಿ ಒಪ್ಪಿಕೊಂಡರು. ಟೆಸ್ಲಾ 2023ರಲ್ಲಿ ಮಾಡೆಲ್ 3ರ ಇಂಡಿಕೇಟರ್ ಲಿವರ್ ತೆಗೆದು ಸ್ಟಿಯರಿಂಗ್ ಮೇಲೆ ಬಟನ್ ಇಟ್ಟಿತ್ತು. ಸ್ಟಿಯರಿಂಗ್ ಅರ್ಧ ತಿರುಗಿದಾಗ ಎಡದ ಬಟನ್ ಎಲ್ಲಿರುತ್ತದೆ ಎಂದು ಯೋಚಿಸಿ, ತೊಡಕು ತಿಳಿಯುತ್ತದೆ. 2025ರ ಹೊಸ ಮಾಡೆಲ್ ವೈನಲ್ಲಿ ಲಿವರ್ ಉಳಿಯಿತು. ಆ ವರ್ಷದ ಜುಲೈನಲ್ಲಿ ಭಾರತದ ಮಾರುಕಟ್ಟೆಗೆ ಬಂದದ್ದೂ ಅದೇ ಕಾರು.

ಎಲ್ಲಕ್ಕಿಂತ ಗಟ್ಟಿಯಾದ ತಳ್ಳು ಬಂದದ್ದು ಯೂರೋ ಎನ್‌ಸಿಎಪಿ ಸಂಸ್ಥೆಯಿಂದ. ಕಾರುಗಳನ್ನು ಗುದ್ದಿಸಿ ನಕ್ಷತ್ರ ಕೊಡುವ ಈ ಸಂಸ್ಥೆ, 2026ರಿಂದ ಪೂರ್ಣ ಐದು ನಕ್ಷತ್ರ ಬೇಕಾದರೆ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್ ಮತ್ತು ತುರ್ತು ಕರೆಗೆ ಮುಟ್ಟಿ ತಿಳಿಯುವ ಪ್ರತ್ಯೇಕ ನಿಯಂತ್ರಣ ಇರಬೇಕು ಎಂದಿದೆ. ಇದು ಕಾನೂನಲ್ಲ. ಆದರೆ ನಕ್ಷತ್ರ ಕಳೆದುಕೊಳ್ಳಲು ಯಾವ ಕಂಪನಿಗೂ ಮನಸ್ಸಿಲ್ಲ. ಹೀಗೆಯೇ ನಕ್ಷತ್ರ ಕೊಡುವ ನಮ್ಮ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಅದೂ ಚಾಲಕನ ಕಣ್ಣು ಎಲ್ಲಿರುತ್ತದೆ ಎಂಬುದನ್ನು ತೂಗಲಿ ಎಂಬುದು ನನ್ನ ಗಟ್ಟಿಯಾದ ಆಸೆ. ಇಲ್ಲಿಯ ಮಳೆ, ಇಲ್ಲಿಯ ರಸ್ತೆ, ಅಡ್ಡ ಬರುವ ದನಕರು ಇವನ್ನು ನೋಡಿದರೆ ನಮಗೆ ಆ ನಿಯಮ ಯುರೋಪಿಗಿಂತ ಹೆಚ್ಚು ಬೇಕು.

ಅಲ್ಲಿಯವರೆಗೆ ನೋಡಿಕೊಳ್ಳಬೇಕಾದವರು ಕೊಳ್ಳುವ ನಾವೇ. ಇಲ್ಲಿನ ಮಾರುಕಟ್ಟೆಯಲ್ಲಿ ಎರಡೂ ಬಗೆಯ ಕಾರುಗಳಿವೆ. ಎಂಜಿ ವಿಂಡ್ಸರ್‌ನಲ್ಲಿ 15.6 ಇಂಚಿನ ಪರದೆಯೊಳಗೇ ಎ.ಸಿ. ಇದೆ, ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ ಎ.ಸಿ.ಗೆ ಪರದೆಯಿಂದ ಬೇರೆಯಾದ ಫಲಕವಿದೆ. ಮಹೀಂದ್ರ ಎಕ್ಸ್‌ಇವಿ 9ಇಯ ಡ್ಯಾಶ್‌ಬೋರ್ಡ್ ತುಂಬ 12.3 ಇಂಚಿನ ಮೂರು ಪರದೆಗಳು. ಶೋರೂಮಿನಲ್ಲಿ ಇವೆಲ್ಲ ಚೆಂದವೇ ಕಾಣುತ್ತವೆ, ಏಕೆಂದರೆ ಅಲ್ಲಿ ಕಾರು ನಿಂತಿರುತ್ತದೆ. ಟೆಸ್ಟ್ ಡ್ರೈವ್‌ಗೆ ಹೋದಾಗ ಮೊದಲು ನಿಂತ ಕಾರಿನಲ್ಲಿ ಕಣ್ಣು ಮುಚ್ಚಿ ಡಿಫಾಗರ್ ಹುಡುಕಿ. ವೈಪರ್, ಹಜಾರ್ಡ್, ರೀಜೆನ್ ಎಷ್ಟು ಒತ್ತಿಗೆ ಸಿಗುತ್ತವೆ ಎಂದು ಎಣಿಸಿ. ಲೇನ್ ಅಸಿಸ್ಟ್ ಆರಿಸುವುದು ಎಲ್ಲಿ ಎಂದು ಕೇಳಿ, ಸೇಲ್ಸ್‌ನವರೇ ಹುಡುಕಾಡಿದರೆ ಅದೂ ಒಂದು ಉತ್ತರ. ಮಧ್ಯಾಹ್ನದ ಬಿಸಿಲು ಪರದೆಗೆ ಬೀಳುವಂತೆ ಕಾರು ತಿರುಗಿಸಿ ನಿಲ್ಲಿಸಿ, ಅಕ್ಷರ ಕಾಣುತ್ತದೆಯೇ ನೋಡಿ.

ಭಾವನವರ ಕಾರಿನ ಸ್ಟಿಯರಿಂಗ್ ಮೇಲೆ ನಕ್ಷತ್ರದ ಗುರುತಿನ ಬಟನ್ ಒಂದಿತ್ತು. ಕೊಂಡ ದಿನದಿಂದ ಅದು ರೇಡಿಯೊ ಚಾನೆಲ್ ಬದಲಿಸುತ್ತಿತ್ತು. ಕೈಪಿಡಿ ಓದಿದಾಗ ಅದಕ್ಕೆ ಬೇರೆ ಕೆಲಸ ಒಪ್ಪಿಸಬಹುದು ಎಂದು ಗೊತ್ತಾಯಿತು, ಪಟ್ಟಿಯಲ್ಲಿ ಡಿಫಾಗರ್ ಕೂಡ ಇತ್ತು. ಹಿಂತಿರುಗುವ ದಿನ ಬೆಳಿಗ್ಗೆ ಉಜಿರೆಯಲ್ಲೇ ಹಾಗೆ ಹೊಂದಿಸಿದೆವು. ಘಾಟಿ ಹತ್ತುವಾಗ ಮತ್ತೆ ಮಂಜು ಬಂತು, ಗಾಜು ಎರಡು ಸಲ ಮಸುಕಾಯಿತು. ಎರಡು ಸಲವೂ ಭಾವ ರಸ್ತೆಯ ಮೇಲಿನ ಕಣ್ಣು ತೆಗೆಯದೆ ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು. ಕೊಟ್ಟಿಗೆಹಾರದಲ್ಲಿ ಇಳಿದು ನೀರುದೋಸೆಗೆ ಕೂತಾಗ ಮಳೆ ಇನ್ನೂ ಸುರಿಯುತ್ತಲೇ ಇತ್ತು.